ಎಮ್ಮೆಯ ತಪ್ಪಿರಲಿಲ್ಲ

ಎಮ್ಮೆ ಅಡ್ಡ ಬಂದು ನಾನು ಸೈಕಲ್ಲಿನಿಂದ ಬಿದ್ದೆ ಎಂದು ನನ್ನ ಸೊಸೆ ಬೀದಿಯೆಲ್ಲ ಹೇಳಿದ್ದಾಳೆ. ಅದು ಸುಳ್ಳು. ಎಮ್ಮೆ ತನ್ನ ಪಾಡಿಗೆ ನಿಂತಿತ್ತು. ನನಗೆ ಸೈಕಲ್ ಹತ್ತಲು, ತುಳಿಯಲು ಬರುತ್ತಿತ್ತು. ಇಳಿಯಲು ಬರುತ್ತಿರಲಿಲ್ಲ, ಅಷ್ಟೇ.

ಮಾಕಳಿಯಿಂದ ಪೀಣ್ಯಕ್ಕೆ ಹೋಗುವ ಬೆಳಗಿನ ಬಸ್ಸು ತುಂಬಿಕೊಂಡು ಬಂದು ನಮ್ಮ ಸ್ಟಾಪಿನಲ್ಲಿ ನಿಲ್ಲುವುದೇ ಇಲ್ಲ. ಅದಕ್ಕೆ ಈ ದಪ್ಪ ಮೈ ಹೊತ್ತು, ನಾಟಿಗೆ ಗದ್ದೆಗಿಳಿಯುವ ಹಾಗೆ ಸೀರೆ ಎತ್ತಿ ಕಟ್ಟಿ, ಸೊಸೆ ತವರಿನಿಂದ ತಂದ ಲೇಡೀಸ್ ಸೈಕಲ್ಲಿನಲ್ಲಿ ಏದುಸಿರು ಬಿಡುತ್ತಾ ಕಾರ್ಖಾನೆಯ ಕ್ಯಾಂಟೀನಿಗೆ ಅಡುಗೆ ಕೆಲಸಕ್ಕೆ ಹೋಗುತ್ತಿದ್ದೆ. ದಿನವೂ ಗೇಟಿನಲ್ಲಿ ವಾಚ್‌ಮನ್ ಹ್ಯಾಂಡಲ್ ಹಿಡಿದು ನಿಲ್ಲಿಸುತ್ತಿದ್ದ. ಅವತ್ತು ಅವನು ಲಾರಿಗೆ ಗೇಟು ತೆರೆಯುತ್ತಿದ್ದ. ನಾನು ನೇರ ಹೋಗಿ ಗೇಟಿನ ಪಕ್ಕ ನಿಂತಿದ್ದ ಎಮ್ಮೆಗೆ ಗುದ್ದಿ ಬಿದ್ದೆ.

ಪಾಳಿಗೆ ಬಂದವರೆಲ್ಲ ನಕ್ಕರು. ಸೂಪರ್‌ವೈಸರ್ ಬಂದು, “ಈ ವಯಸ್ಸಲ್ಲಿ ಸೈಕಲ್ ಯಾಕಜ್ಜಿ? ಇನ್ನೊಂದ್ಸಲ ಬಿದ್ರೆ ಕೆಲಸಕ್ಕೇ ಬರ್ಬೇಡಿ” ಅಂದ.

“ಬಿದ್ದಿರೋದು ನಾನು ಕಣಪ್ಪ. ಅನ್ನ ಸೀದೋದ್ರೆ ಕೇಳು” ಅಂದೆ.

ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ, ಲೇತ್ ಕೆಲಸದ ವಯಸ್ಸಾದವನೊಬ್ಬ ಬಂದ. ಬೆಳಿಗ್ಗೆ ಅವನೊಬ್ಬ ಮಾತ್ರ ನಕ್ಕಿರಲಿಲ್ಲ. “ಮೊದ್ಲು ಬ್ರೇಕ್ ಒತ್ತು ತಾಯಿ. ಆಮೇಲೆ ಎಡಗಾಲು ಊರು. ಅಷ್ಟೇಯ” ಅಂದ. ಕ್ಯಾಂಟೀನಿನ ಹಿಂದೆ ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ.

ಮರುದಿನ ಬೆಳಿಗ್ಗೆ ಸೈರನ್ನಿಗೆ ಮೊದಲೇ ಗೇಟಿಗೆ ಬಂದೆ. ಸೂಪರ್‌ವೈಸರ್ ನಿಂತು ನೋಡುತ್ತಿದ್ದ. ಬ್ರೇಕ್ ಒತ್ತಿ, ಕಾಲೂರಿ, ಯಾರೂ ಹ್ಯಾಂಡಲ್ ಹಿಡಿಯದೆಯೇ ಇಳಿದೆ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಅನ್ನಕ್ಕೆ ನೀರಿಡಲು ಒಳಗೆ ಹೋದೆ.