ಡೇರೆ ಶೆಡ್ಡಿನ ಖಾಲಾ

ಮೊನ್ನೆ ನಮ್ಮ ಬೀದಿಯಲ್ಲಿ ಯಾರದೋ ಮನೆಯ ನಾಮಕರಣ. ಶಾಮಿಯಾನದವರು ಬೆಳಿಗ್ಗೆಯೇ ಬಂದು ಗಂಟು ಬಿಚ್ಚಿದರು. ಮೇಲೆ ಬಣ್ಣದ ಬಟ್ಟೆ, ಅದರಡಿ ಮಳೆ ತಡೆಯೋಕೆ ಅಂತ ಮಡಿಸಿಟ್ಟಿದ್ದ ಹಳೇ ಕ್ಯಾನ್‌ವಾಸು. ಮೇಣ, ಎಣ್ಣೆ, ಮುಗ್ಗಲು ಎಲ್ಲ ಕಲೆತ ಆ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಅವರೆಕಾಯಿ ಸುಲಿಯುತ್ತ ಕೂತಿದ್ದ ನನ್ನ ಕೈ ನಿಂತುಹೋಯಿತು. ಖಾಲಾ ನೆನಪಾದಳು. ಅವಳ ಹಿಂದೆಯೇ ಆ ಶೆಡ್ಡು, ಬಾಗಿಲಿನ ಸರಪಳಿ, ರಕ್ತ...

ಅದು ಯುದ್ಧದ ಕಾಲ. ಕಂಟೋನ್ಮೆಂಟಿನ ತುಂಬ ಸೋಲ್ಜರುಗಳು ಓಡಾಡುತ್ತಿದ್ದರು. ಹಲಸೂರು ಕೆರೆಯ ಹಿಂದೆ ಮಿಲಿಟರಿಗೆ ಡೇರೆ ಹೊಲಿದುಕೊಡುವ ಒಂದು ಶೆಡ್ಡಿತ್ತು. ತಗಡಿನ ಮಾಡು, ಒಂದೇ ಬಾಗಿಲು. ನನಗೆ ಮದುವೆಯಾಗಿ ಹೆಚ್ಚು ದಿನ ಆಗಿರಲಿಲ್ಲ. ಕೃಷ್ಣರಾಜಪುರದ ರೈಲ್ವೆ ಸ್ಟೇಷನ್ನಿನಲ್ಲಿ ಮೂಟೆ ಇಳಿಸುತ್ತಿದ್ದ ನನ್ನ ಗಂಡ ಕಾಲು ಮುರಿದುಕೊಂಡು ಮಲಗಿದ್ದ. ಹಾಗಾಗಿ ನಾನು ಆ ಶೆಡ್ಡಿಗೆ ಹೋದೆ.

ಶೆಡ್ಡು ಸಾಹುಕಾರನದು. ಆದರೆ ನಾವು ಸಾಹುಕಾರನ ಆಳುಗಳಾಗಿರಲಿಲ್ಲ. ನಮ್ಮನ್ನು ಕರೆತಂದು ಒಳಗೆ ಬಿಡುತ್ತಿದ್ದವನು ಒಬ್ಬ ಮೇಸ್ತ್ರಿ. ದಿನಾ ಬೆಳಿಗ್ಗೆ ಬಾಗಿಲ ಮುಂದೆ ಹೋಗಿ ನಿಲ್ಲಬೇಕು. ಅವನು ಬೆತ್ತದ ತುದಿಯಿಂದ ಯಾರ ಭುಜ ಮುಟ್ಟುತ್ತಾನೋ ಅವರಿಗೆ ಆವತ್ತು ಕೆಲಸ, ಮಿಕ್ಕವರು ಮನೆಗೆ. ಒಳಗೆ ಹೋದ ಮೇಲೆ ಬಾಗಿಲಿಗೆ ಒಳಗಿನಿಂದಲೇ ಸರಪಳಿ ಸುತ್ತಿ ಬೀಗ ಹಾಕಿ, ಬೀಗದ ಕೈಯನ್ನು ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಮತ್ತೆ ಯಾವಾಗ ತೆಗೆಯುತ್ತಾನೆ ಅನ್ನೋದು ಯಾರಿಗೂ ಗೊತ್ತಿರಲಿಲ್ಲ. ಒಂದು ದಿನ ಬೆಳಕಿದ್ದಾಗಲೇ ಬಿಡುತ್ತಿದ್ದ, ಇನ್ನೊಂದು ದಿನ ಊರೆಲ್ಲ ಉಂಡು ಮಲಗಿದ ಮೇಲೆ. ಸಾಹುಕಾರನನ್ನು ಕೇಳಿದರೆ "ಮೇಸ್ತ್ರೀನ ಕೇಳ್ರಮ್ಮ, ನೀವು ಅವನ ಜನ" ಅನ್ನುತ್ತಿದ್ದ. ಮೇಸ್ತ್ರಿಯನ್ನು ಕೇಳಿದರೆ "ಸಾಹುಕಾರ್ರ ಆರ್ಡರು" ಅನ್ನುತ್ತಿದ್ದ. ಎರಡನೇ ಸಲ ಕೇಳಿದವರಿಗೆ ಹಗ್ಗದ ಏಟು. ಡೇರೆ ಕಟ್ಟುವ ಹಗ್ಗವನ್ನು ಅದಕ್ಕೆಂದೇ ಬಕೆಟ್ಟಿನಲ್ಲಿ ನೆನೆಹಾಕಿ ಇಟ್ಟಿರುತ್ತಿದ್ದ. ನನ್ನ ಬೆನ್ನಿಗೂ ಬಿದ್ದಿತ್ತು. ಬಾಸುಂಡೆ ಒಡೆದು ರವಿಕೆ ಚರ್ಮಕ್ಕೆ ಅಂಟಿಕೊಂಡು, ಸಂಜೆ ನೀರು ಹಾಕಿ ಬಿಡಿಸಿಕೊಳ್ಳಬೇಕಾಯಿತು.

ನನ್ನ ಪಕ್ಕದ ಮಿಷಿನ್ನು ಖಾಲಾಳದು. ಅವರ ಮಾತಿನಲ್ಲಿ ಖಾಲಾ ಅಂದರೆ ಚಿಕ್ಕಮ್ಮ. ಬ್ಲ್ಯಾಕ್‌ಪಲ್ಲಿಯಿಂದ, ಅಂದರೆ ಈಗಿನ ಶಿವಾಜಿನಗರದಿಂದ, ನಡೆದು ಬರುತ್ತಿದ್ದಳು. ದಪ್ಪ ಮೂಳೆಯ, ಎತ್ತರದ ಹೆಂಗಸು. ಬುರ್ಖಾ ತೆಗೆದು ಗೋಡೆಯ ಮೊಳೆಗೆ ಹಾಕಿ ಕೂತರೆ ಕ್ಯಾನ್‌ವಾಸು ಅವಳ ಕೈಯಲ್ಲಿ ತೆಳು ಮಲ್ ಬಟ್ಟೆಯ ಹಾಗೆ ಮಡಿಚಿಕೊಳ್ಳುತ್ತಿತ್ತು. ಒಳ್ಳೆಯವಳು ಅಂತ ಹೇಳಲಾರೆ. ಮೊದಲ ದಿನವೇ, ಬೆರಳನ್ನು ಸೂಜಿಯ ಹತ್ತಿರ ತಂದೆ ಅಂತ, ನನ್ನ ಕೆನ್ನೆಗೆ ಬಾರಿಸಿದ್ದಳು. ಕುಡಿದು ಹೊಡೆಯೋಕೆ ಬಂದ ಗಂಡನ ಹಲ್ಲನ್ನು ಇಸ್ತ್ರಿಪೆಟ್ಟಿಗೆಯಿಂದ ಉದುರಿಸಿದ್ದಳಂತೆ. ಅದನ್ನು ಅವಳೇ ನಗುತ್ತ ಹೇಳುತ್ತಿದ್ದಳು. ಅವನು ಸತ್ತಾಗ ಎದೆ ಬಡಿದುಕೊಂಡು ಅತ್ತದ್ದನ್ನೂ ಅವಳೇ ಹೇಳಿದ್ದು.

ನಮ್ಮ ಜೊತೆ ಹಲಸೂರಿನವಳೇ ಒಬ್ಬಳು ಚಿಕ್ಕ ವಯಸ್ಸಿನವಳಿದ್ದಳು. ಹೆರಿಗೆಯಾಗಿ ತಿಂಗಳು ತುಂಬುವ ಮೊದಲೇ ಕೆಲಸಕ್ಕೆ ಬಂದಿದ್ದರಿಂದ ನಾವೆಲ್ಲ ಅವಳನ್ನು ಬಾಣಂತಿ ಅಂತಲೇ ಕರೆಯುತ್ತಿದ್ದೆವು. ಮಧ್ಯಾಹ್ನ ಅವಳ ಅತ್ತೆ ಮಗುವನ್ನು ಎತ್ತಿಕೊಂಡು ಬಾಗಿಲ ಹತ್ತಿರ ಬರುತ್ತಿದ್ದಳು. ಮೇಸ್ತ್ರಿ ಮನಸ್ಸು ಬಂದರೆ ಸರಪಳಿ ಸಡಿಲಿಸುತ್ತಿದ್ದ. ಸಂದಿಯಲ್ಲೇ ಕೂತು ಮಗುವಿಗೆ ಹಾಲು ಕೊಟ್ಟು ಬರುತ್ತಿದ್ದಳು.

ಆವತ್ತು ಅವನಿಗೆ ಮನಸ್ಸು ಬರಲಿಲ್ಲ. ನಾಳೆ ಮಿಲಿಟರಿ ಲಾರಿ ಬರುತ್ತೆ, ಡೇರೆ ಮುಗಿಯುವ ತನಕ ಯಾರೂ ಏಳಕೂಡದು ಅಂದ. ಹೊರಗೆ ಮಗು ಅಳುತ್ತಿತ್ತು. ಮಿಷಿನ್ನುಗಳ ಸದ್ದಿನ ಮೇಲೂ ಕೇಳುವಷ್ಟು ಅಳು. ಆಮೇಲೆ ಗಂಟಲು ಕಟ್ಟಿತು. ಆಮೇಲೆ... ಏನೂ ಕೇಳಲಿಲ್ಲ. ಅಳುವಿಗಿಂತ ಅದು ನಮ್ಮನ್ನು ಹೆಚ್ಚು ಹೆದರಿಸಿತು. ಬಾಣಂತಿ ಎದ್ದು ಓಡಿಹೋಗಿ ಎರಡೂ ಕೈಯಲ್ಲಿ ಬಾಗಿಲ ತಗಡು ಬಡಿಯತೊಡಗಿದಳು. ಮೇಸ್ತ್ರಿ ಬಕೆಟ್ಟಿನಿಂದ ಹಗ್ಗ ತೆಗೆದ. ಮೊದಲ ಏಟು ಮುಖಕ್ಕೆ ಬಿತ್ತು, ತುಟಿ ಸೀಳಿತು. ಆಮೇಲಿನದು ಎದೆಗೆ. ರವಿಕೆಯ ಮೇಲೆ ಹಾಲೂ ರಕ್ತವೂ ಕಲೆತು ಇಳಿಯಿತು. ಬಿದ್ದವಳನ್ನು ಬೂಟುಗಾಲಿನಲ್ಲಿ ಒದ್ದ.

ಖಾಲಾ ಎದ್ದಳು. ಮೂಲೆಯಲ್ಲಿ ಡೇರೆಯ ಗೂಟಗಳ ಜೊತೆ ಅವನ್ನು ಹೊಡೆಯುವ ಮರದ ಕೊಡತಿಗಳು ಬಿದ್ದಿದ್ದವು. ಅದರಲ್ಲೊಂದನ್ನು ಎತ್ತಿಕೊಂಡು ಅವನ ಮುಂದೆ ಹೋಗಿ ನಿಂತಳು.

"ಚಾವಿ ಕೊಡು" ಅಂದಳು.

ಅವನು ನಗುತ್ತ ಹಗ್ಗ ಎತ್ತಿದ. ಎತ್ತಿದ ಆ ಕೈಯ ಮಣಿಕಟ್ಟಿಗೇ ಖಾಲಾ ಹೊಡೆದಳು. ಅವನು ಕುಸಿದು ಅದೇ ಕೈಯನ್ನು ನೆಲಕ್ಕೂರಿದ. ಊರಿದ ಕೈಯ ಮೇಲೆ ಇನ್ನೊಂದು ಏಟು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಮತ್ತೆ ಭುಜಕ್ಕೆ, ಮತ್ತೆ ಬೆನ್ನಿಗೆ. ನಾನು ಅವಳ ಮುಖ ನೋಡುತ್ತಿದ್ದೆ. ಸಿಟ್ಟು ಕಾಣಲಿಲ್ಲ. ಒಣಮೆಣಸಿನಕಾಯಿ ಕುಟ್ಟುವ ಹೆಂಗಸಿನ ಮುಖ ಇದ್ದ ಹಾಗಿತ್ತು. ಕೊನೆಗೆ ಕ್ಯಾನ್‌ವಾಸಿನ ಕತ್ತರಿಯಿಂದ ಅವನ ಬೆಲ್ಟು ಕತ್ತರಿಸಿ, ಬೀಗದ ಕೈಯನ್ನು ನನ್ನ ಕಡೆ ಎಸೆದಳು. "ತೆಗೀ ಬೇಟಿ" ಅಂದಳು. ನಾನು ಬೀಗ ತೆಗೆದು ಸರಪಳಿ ಎಳೆದುಹಾಕಿದೆ. ಮಗು ಬದುಕಿತ್ತು, ತುಟಿ ಒಣಗಿ ಸೊರಗಿತ್ತು. ಬಾಣಂತಿ ರಸ್ತೆಯಲ್ಲೇ ಕೂತು ಹಾಲು ಕೊಟ್ಟಳು. ಅವಳ ತುಟಿಯ ರಕ್ತ ಮಗುವಿನ ತಲೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ಮಾರನೇ ಬೆಳಿಗ್ಗೆ ಖಾಲಾ ಬರಬಾರದು ಅಂತ ನಾವೆಲ್ಲ ಹೇಳಿದ್ದೆವು. ಬಂದಳು. "ನಾನ್ ಬರ್ದಿದ್ರೆ ನಿಮ್ಗೆ ಹೊಡೀತಾನೆ" ಅಂದಳು. ಒಳಗೆ ಹೋಗುವುದು ಬೇಡ, ಒಂದೇ ಮಾತು ಹೇಳಿ ಅಂತ ನಮಗೆ ಕಲಿಸಿಕೊಟ್ಟಳು. ಕೆರೆಯಾಚೆಯ ಚರ್ಚಿನಲ್ಲಿ ಸಂಜೆಯ ಗಂಟೆ ಹೊಡೆದರೆ ಬಾಗಿಲು ತೆಗೆಯಬೇಕು, ಅಷ್ಟೇ.

ಮೇಸ್ತ್ರಿ ಬಲಗೈಯನ್ನು ಕೊರಳಿಗೆ ಕಟ್ಟಿಕೊಂಡು ಬಂದ. ಹಿಂದೆ ಐದಾರು ಜನ ಗಂಡಸರು, ಕೈಯಲ್ಲಿ ದೊಣ್ಣೆ. ಒಂದು ಮಾತೂ ಆಡದೆ ನಮ್ಮ ಮೇಲೆ ಬಿದ್ದರು. ನನ್ನ ಪಕ್ಕದವಳ ತಲೆ ಒಡೆದು ರಕ್ತ ನನ್ನ ಕಣ್ಣಿಗೇ ಹಾರಿತು. ಒಬ್ಬ ನನ್ನ ಜಡೆ ಹಿಡಿದು ಎಳೆದ. ನಾನು ಅವನ ತೋಳನ್ನು ಕಚ್ಚಿದೆ. ಅವನು ಬಿಟ್ಟ ಮೇಲೂ ನಾನು ಬಿಡಲಿಲ್ಲ. ಬಾಯಲ್ಲಿ ಉಪ್ಪುಪ್ಪಾಗಿ ಅವನ ರಕ್ತ.

ಖಾಲಾಳನ್ನು ಬಾಗಿಲ ಮುಂದಿನ ಚಪ್ಪಡಿಯ ತನಕ ಎಳೆದುಕೊಂಡು ಹೋದರು. ಒಬ್ಬ ಬೆನ್ನ ಮೇಲೆ ಕೂತ. ಇನ್ನೊಬ್ಬ ಅವಳ ಬಲಗೈಯನ್ನು ಕಲ್ಲಿನ ಮೇಲೆ ಒತ್ತಿ ಹಿಡಿದ. ಮೇಸ್ತ್ರಿ ಎಡಗೈಯಲ್ಲಿ ಕೊಡತಿ ಎತ್ತಿ ಆ ಬೆರಳುಗಳ ಮೇಲೆ ಹೊಡೆದ. ಎಡಗೈ ರೂಢಿಯಿಲ್ಲದೆ ಕೆಲವು ಏಟು ಕಲ್ಲಿಗೆ ಬಿದ್ದವು. ಬಿಡದೆ ಹೊಡೆದ. ಖಾಲಾ ಒಂದೇ ಸಲ ಕೂಗಿದಳು. ಆಮೇಲೆ ಹಲ್ಲು ಕಚ್ಚಿಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಡೇರೆ ಒಯ್ಯೋಕೆ ಮಿಲಿಟರಿ ಲಾರಿ ಬಂತು. ಸೋಲ್ಜರುಗಳು ಇಳಿಯುವುದನ್ನು ಕಂಡು ಮೇಸ್ತ್ರಿಯೂ ಅವನ ಜನವೂ ಓಡಿದರು. ಅವರನ್ನು ಯಾರೂ ಹಿಡಿಯಲಿಲ್ಲ, ಆಮೇಲೆ ಯಾರೂ ಹುಡುಕಲೂ ಇಲ್ಲ. ಲಾರಿ ಖಾಲಿ ಹೋಯಿತು. ಸಾಹುಕಾರ ಪಕ್ಕದ ಆಫೀಸಿನಿಂದ ಹೊರಗೆ ಬಂದದ್ದು ಅದಕ್ಕೇ. ಏನ್ರಮ್ಮ ನಿಮ್ಮದು ಅಂತ ಕೇಳಿದ. ಊದಿದ ತುಟಿಯಲ್ಲಿ ಬಾಣಂತಿ ಮಾತಾಡಿದಳು.

"ಸಂಜೆ ಗಂಟೆ ಹೊಡೆದ್ರೆ ನಾವು ಮನೇಗೆ ಹೋಗ್ಬೇಕು. ಬಾಗ್ಲಿಗೆ ಬೀಗ ಹಾಕ್ಕೂಡ್ದು."

ಸಾಹುಕಾರ ಖಾಲಿ ಲಾರಿ ಹೋದ ದಾರಿ ನೋಡಿ ಒಪ್ಪಿದ. ಬೇರೆ ಮೇಸ್ತ್ರಿಯನ್ನು ಇಡುತ್ತೇನೆ ಅಂದ. ಆದರೆ ಆ ತುರುಕರ ಹೆಂಗಸು ಮಾತ್ರ ಇನ್ನು ಒಳಗೆ ಕಾಲಿಡಕೂಡದು ಅಂದ. ನಾವು ಖಾಲಾಳ ಕಡೆ ತಿರುಗಿದೆವು. ಖಾಲಾ ಚಪ್ಪಡಿಯ ಮೇಲೆ ಕೂತು, ಜಜ್ಜಿಹೋದ ಕೈಯನ್ನು ಬುರ್ಖಾದಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. "ಹೂಂ ಅನ್ನಿ" ಅಂದಳು. "ಈ ಕೈಯಿಟ್ಕೊಂಡು ಒಳಗೋಗಿ ನಾನೇನ್ ಮಾಡ್ಲಿ."

ಆ ಸಂಜೆ ಗಂಟೆ ಹೊಡೆದಾಗ ಬಾಗಿಲು ತೆರೆಯಿತು. ಹೊರಗೆ ಇನ್ನೂ ಬಿಸಿಲಿತ್ತು. ಅಷ್ಟು ಬೆಳಕಿನಲ್ಲಿ ಎಲ್ಲಿಗೆ ಹೋಗಬೇಕು ಅಂತ ತೋಚದೆ ನಾವು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆವು. ಯುದ್ಧ ಮುಗಿದು ಶೆಡ್ಡು ಮುಚ್ಚುವ ತನಕ ಆ ಗಂಟೆಗೆ ಬಾಗಿಲು ತೆರೆಯುತ್ತಲೇ ಇತ್ತು.

ಖಾಲಾಳ ಬೆರಳುಗಳು ಸೊಟ್ಟಸೊಟ್ಟಾಗಿ ಕೂಡಿಕೊಂಡವು. ಮಗಳ ಮನೆಯಲ್ಲಿ ಒಂದು ಮೂಲೆ ಹಿಡಿದಳು. ನೋಡೋಕೆ ಹೋದರೆ ಕೆಲವೊಮ್ಮೆ ತಬ್ಬಿಕೊಳ್ಳುತ್ತಿದ್ದಳು. ಕೆಲವೊಮ್ಮೆ, ನೋವು ಜಾಸ್ತಿಯಿದ್ದ ದಿನ, ಲೋಟ ಎಸೆದು ನಮ್ಮನ್ನೆಲ್ಲ ಶಪಿಸುತ್ತಿದ್ದಳು. ಒಂದು ಸಲ ಧೈರ್ಯ ಮಾಡಿ ಕೇಳಿದೆ, ಯಾಕಾದರೂ ಹೊಡೆದೆನೋ ಅನ್ನಿಸುತ್ತಾ ಅಂತ. "ಅವನ ಎಡಗೈ ಬಿಟ್ಬಿಟ್ಟೆ ನೋಡು, ಅದನ್ನೂ ಮುರೀಬೇಕಿತ್ತು" ಅಂದಳು. ಸ್ವಾತಂತ್ರ್ಯ ಬಂದ ಮರುವರ್ಷ ನಾನು ರಂಜಾನ್ ಹಬ್ಬಕ್ಕೆ ಅಂತ ಹೋದಾಗ ಮಗಳು ಬಾಗಿಲಲ್ಲೇ ನಿಂತು ಹೇಳಿದಳು. ಖಾಲಾ ಜ್ವರ ಬಂದು ಹೋಗಿಬಿಟ್ಟಿದ್ದಳು. ನನಗೆ ತಿಳಿಸಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ...

ಬಾಣಂತಿ ಮಾತ್ರ ನನ್ನ ಜೊತೆಗೇ ಮುದುಕಿಯಾದಳು. ಪಕ್ಕದ ಬೀದಿಯಲ್ಲೇ ಇದ್ದಳು. ಸಿಕ್ಕಿದಾಗೆಲ್ಲ ಖಾಲಾಳ ಮಾತು ಬರುತ್ತಿತ್ತು, ಬಂದಾಗೆಲ್ಲ ನಮಗೆ ಜಗಳ. ಮುರಿದದ್ದು ಎಡಗೈ ಅಂತ ಅವಳು. ಖಾಲಾ ಎಡಚಿ ಕಣೇ, ಅದಕ್ಕೇ ಆ ಕೈಯನ್ನೇ ಮುರಿದರು ಅನ್ನುತ್ತಿದ್ದಳು. ಅಲ್ಲ, ನಾನು ಪಕ್ಕದಲ್ಲೇ ಕೂತು ಹೊಲಿದವಳು, ಬಲಗೈ ಅಂತ ನಾನು. ಒಂದು ಸಲ ಈ ಮಾತಿಗೆ ವಾರ ಮಾತು ಬಿಟ್ಟಿದ್ದೂ ಇದೆ. ಹೋದ ವರ್ಷ ಅವಳೂ ತೀರಿಕೊಂಡಳು.

ಮೊನ್ನೆ ಅವರೆಕಾಯಿ ಬದಿಗಿಟ್ಟು ಸೊಸೆಯನ್ನು ಕರೆದು ಎಲ್ಲ ಹೇಳಿದೆ. ಬಲಗೈ ಅಂದೆ. ಅವಳು ಹೌದಾ ಅತ್ತೆ ಅಂದಳು. ಅಲ್ಲ ಅನ್ನುವವರು ಇನ್ನು ಯಾರೂ ಇಲ್ಲ.