ಪರೀಕ್ಷೆಗೆ ಕೊಟ್ಟ ಎದೆ

ಮದ್ರಾಸಿನ ನುಂಗಂಬಾಕ್ಕಂನ ಒಂದು ರಸ್ತೆಯಲ್ಲಿ ನಾನೀಗ ನಡೆಯುವುದಿಲ್ಲ. ಆ ರಸ್ತೆಯ ತುಂಬ ಹೃದಯದ ಡಾಕ್ಟರುಗಳ ಬೋರ್ಡುಗಳು. ಹೆಸರಿಗಿಂತ ಹೆಸರಿನ ಮುಂದಿನ ಅಕ್ಷರಗಳೇ ಉದ್ದ. ನನ್ನಕ್ಕ ವಿಮಲಾಳ ಗಂಡ ಶೀನ ಭಾವ ಆ ದಾರಿಯಲ್ಲಿ ಹೋಗುವಾಗ ಬೋರ್ಡುಗಳ ಮುಂದೆ ನಿಂತುಬಿಡುತ್ತಿದ್ದರು. "ಈ ಡಿ.ಎಂ. ನನ್ನದು ಮಾರಾಯ. ಆಚೆಯವರ ಎಂ.ಡಿ. ಸಹ ನನ್ನದೇ." ಹೊಟೇಲಿನಲ್ಲಿ ಇಡ್ಲಿ ಬಡಿಸುವವರ ಬಾಯಲ್ಲಿ ಈ ಮಾತು ಕೇಳಿದವರು ನಗುತ್ತಿದ್ದರು. ಭಾವ ಸುಳ್ಳು ಹೇಳುತ್ತಿರಲಿಲ್ಲ.

ಕುಂದಾಪುರದ ಕಡೆ ಹುಡುಗರಾಗಿದ್ದಾಗ ಅವರಿಗೆ ಕೀಲುಗಳು ಊದಿಕೊಳ್ಳುವ ಒಂದು ಜ್ವರ ಬಂದಿತ್ತು. ಜ್ವರ ಬಿಟ್ಟಿತು, ಆದರೆ ಹೃದಯದ ಒಂದು ಕವಾಟ ಕಿರಿದಾಗಿ ಉಳಿಯಿತು. ಮದ್ರಾಸಿಗೆ ಬಂದು ನಮ್ಮ ಹೊಟೇಲಿಗೆ ಸೇರಿದ ಮೇಲೆ ಮೆಟ್ಟಿಲು ಹತ್ತುವಾಗ ಏದುಸಿರು. ಒಂದು ದೊಡ್ಡ ಆಸ್ಪತ್ರೆಗೆ ಹೋದರು. ಅಲ್ಲಿನ ಪ್ರೊಫೆಸರು ಎದೆಗೆ ಸ್ಟೆಥಸ್ಕೋಪ್ ಇಟ್ಟವರೇ ಹಬ್ಬದೂಟ ಸಿಕ್ಕಿದಂತೆ ಮುಖ ಅರಳಿಸಿದರಂತೆ. ಪುಸ್ತಕದಲ್ಲಿ ಬರೆದ ಹಾಗೆಯೇ ಇತ್ತು ಅದರ ಸದ್ದು.

ಎಂ.ಬಿ.ಬಿ.ಎಸ್. ಮುಗಿಸಿ, ಎಂ.ಡಿ. ಮುಗಿಸಿ, ಅದರ ಮೇಲೂ ಓದಿ ಬರೆಯುವ ಪರೀಕ್ಷೆ ಡಿ.ಎಂ. ನಮ್ಮಲ್ಲಿ ಹೃದಯದ ಡಾಕ್ಟರಿಗೆ ಅದಕ್ಕಿಂತ ಮೇಲೆ ಪರೀಕ್ಷೆಯಿಲ್ಲ. ಅಲ್ಲಿ ಬರೆದರಷ್ಟೇ ಸಾಲದು. ಒಬ್ಬ ರೋಗಿಯನ್ನು ಮುಂದೆ ಮಲಗಿಸುತ್ತಾರೆ, ಮುಟ್ಟಿ, ಕೇಳಿ, ಒಳಗೇನಿದೆಯೆಂದು ಹೇಳಬೇಕು. ಎಂ.ಡಿ. ಪರೀಕ್ಷೆಯಲ್ಲೂ ಹಾಗೆಯೇ. ಪ್ರತಿವರ್ಷ ಎರಡಕ್ಕೂ ಆ ಮಂಚದ ಮೇಲೆ ಮಲಗುತ್ತಿದ್ದವರು ನಮ್ಮ ಭಾವ. ಪರೀಕ್ಷೆ ಹತ್ತಿರ ಬಂತೆಂದರೆ ಆಸ್ಪತ್ರೆಯ ವಾರ್ಡಿನ ಅಟೆಂಡರ್ ಮುರಳೀಧರ ಹೊಟೇಲಿಗೆ ಫೋನ್ ಮಾಡುತ್ತಿದ್ದ. ಕ್ಯಾಶಿನಲ್ಲಿ ಕೂರುವ ನಾನೇ ಎತ್ತುತ್ತಿದ್ದೆ. ಆ ದಿನ ಭಾವ ತಲೆಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮದುಮಗನ ಹಾಗೆ ಹೊರಡುತ್ತಿದ್ದರು.

ಮೊದಲ ವರ್ಷವೇ ಮುರಳೀಧರ ಅವರಿಗೆ ತಾಕೀತು ಮಾಡಿದ್ದ. ಕಾಯಿಲೆಯ ಹೆಸರು ಬಾಯಿ ಬಿಡಬಾರದು. ಹೊಸ ಕಥೆ ಸೇರಿಸಬಾರದು, ಪಾಪ ಮಕ್ಕಳು ದಾರಿ ತಪ್ಪುತ್ತಾರೆ. ಭಾವ ಅದನ್ನು ವ್ರತದಂತೆ ಹಿಡಿದರು. ಏದುಸಿರು ಉಂಟಾ? ಉಂಟು. ಕಾಲು ಊದುತ್ತದಾ? ಇಲ್ಲ. ಜ್ವರ? ಇಲ್ಲ. ವರ್ಷ ವರ್ಷವೂ ಅದೇ ಉತ್ತರ. ಕವಾಟ ಸರಿ ಮಾಡಿಸಿಕೊಳ್ಳಿ ಎಂದು ಡಾಕ್ಟರುಗಳು ಹೇಳಿ ಸೋತರು. "ಸರಿ ಆದ್ರೆ ನನ್ನನ್ನು ಯಾರು ಕರೀತಾರೆ?" ಎಂದು ನಗುವರು. ಅಕ್ಕ ಮಾತ್ರ ನಗುತ್ತಿರಲಿಲ್ಲ.

ಹೋದ ವರ್ಷ ಪರೀಕ್ಷೆಗೆ ಮುಂಚೆಯೇ ಅವರ ಅಂಗಿ ದೊಗಳೆಯಾಗಿತ್ತು. ವಯಸ್ಸು ಎಂದುಕೊಂಡೆವು. ಸಂಜೆ ಕಾಫಿಯ ಗದ್ದಲದಲ್ಲಿ ಅವರ ಮೈ ಬಿಸಿಯಾಗುತ್ತಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಮಹಾಶಯರು ಹೇಳಲಿಲ್ಲ. ಹೇಳಿದರೆ ಆ ವರ್ಷ ಕರೆಯಲಿಕ್ಕಿಲ್ಲವೆಂಬ ಭಯ.

ಆ ಪರೀಕ್ಷೆಯಲ್ಲಿ ನಡೆದದ್ದನ್ನು ಆಮೇಲೆ ಅವರೇ ನನಗೆ ಹೇಳಿದರು. ಪರೀಕ್ಷಕರು ಬೆಳಿಗ್ಗೆಯೇ ರೋಗಿಯ ಎದೆ ಕೇಳಿ ಸರಿಯುತ್ತರ ಬರೆದಿಡಬೇಕು. ಅಂದಿನ ಪರೀಕ್ಷಕರ ಡಿ.ಎಂ. ಸಹ ಭಾವನದೇ. "ಇವರ ಹೃದಯ ನನಗೆ ಗೊತ್ತಿಲ್ಲವೇ?" ಎಂದು ಹೆಗಲು ತಟ್ಟಿ, ಹಳೆಯ ಉತ್ತರವನ್ನೇ ಬರೆದಿಟ್ಟರು.

ಆಮೇಲೆ ಒಬ್ಬ ಹುಡುಗಿ ಬಂದಳು. ತೃಪ್ತಿ ಎಂದು ಹೆಸರು, ಮದ್ರಾಸಿನಲ್ಲೇ ಹುಟ್ಟಿ ಬೆಳೆದ ಕನ್ನಡದ ಮನೆಯವಳು. ಸ್ಟೆಥಸ್ಕೋಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡೇ ಎದೆಗಿಟ್ಟಳು. ಕೂರಿಸಿ, ಮುಂದಕ್ಕೆ ಬಗ್ಗಿಸಿ, ಉಸಿರು ಬಿಟ್ಟು ಹಿಡಿಯಲು ಹೇಳಿದಳು. ಬಹಳ ಹೊತ್ತು ಕೇಳಿದಳು. ಮತ್ತೆ ಮೆಲ್ಲಗೆ, "ಮಾಮಾ, ಸಾಯಂಕಾಲ ಜ್ವರ ಏನಾದ್ರೂ ಬರತ್ತಾ?"

"ಇಲ್ಲಮ್ಮ," ಎಂದರು ಭಾವ.

"ನಿಜವಾಗ್ಲೂ ಇಲ್ವಾ?"

"ಇಲ್ಲ."

ಅವಳು ಮಂಚದ ಬಳಿ ಬಂದು ನಿಂತ ಪರೀಕ್ಷಕರಿಗೆ, ಹಳೆಯ ಸದ್ದಿನ ಜೊತೆಗೆ ಇನ್ನೊಂದು ಕವಾಟವೂ ಸೋರುತ್ತಿದೆ, ಅಲ್ಲಿ ಸೋಂಕು ಕೂತಿರಬಹುದು ಎಂದಳು. ಪರೀಕ್ಷಕರು, ರೋಗಿಗೆ ಜ್ವರವೇ ಇಲ್ಲವಲ್ಲ, ಇಲ್ಲದ ಸದ್ದು ನಿನಗೆಲ್ಲಿಂದ ಕೇಳಿಸಿತು ಎಂದರು. "ಕೇಳಿಸ್ತು ಸರ್," ಎಂದಳು. ಮೂರು ಸಲ ಕೇಳಿದರೂ ಅದೇ ಮಾತು. ಭಾವ ಫ್ಯಾನು ನೋಡುತ್ತ ಮಲಗಿದ್ದರು. ಅವಳನ್ನು ಫೇಲು ಮಾಡಿದರು.

ಅಲ್ಲಿಂದ ಮೇಲೆ ಅವರು ಬೋರ್ಡುಗಳ ಮುಂದೆ ನಿಲ್ಲುವುದನ್ನು ಬಿಟ್ಟರು. ಸಂಜೆ ಯಾವುದೋ ಮೇಜಿನ ಮಗು "ಮಾಮಾ" ಎಂದರೆ ಬೆಚ್ಚಿ ತಿರುಗಿ ನೋಡುವರು. ಒಂದು ಸಂಜೆ ತಿಂಡಿ ತಂದಿಡುವಾಗ ಅವರ ಕೈ ನನಗೆ ತಾಗಿತು, ಬಿಸಿ ಕಾವಲಿ. ಎಳೆದುಕೊಂಡು ಹೋಗಿ ಉಗ್ರಾಣದಲ್ಲಿ ಕೂರಿಸಿ ಗದರಿದೆ.

"ಅವಳು ನನ್ನ ಎದೆ ಒಳಗೇ ನಿಂತಿದ್ದಾಳೆ ಮಾರಾಯ," ಎಂದರು. "ಕಿವಿ ಇಟ್ಟು ಕಾಯ್ತಾ ಇದ್ದಾಳೆ. ಹೋಗುವುದೇ ಇಲ್ಲ." ಆಗ ಎಲ್ಲ ಹೊರಬಂತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಒಂದು ಹೌದು ಹೇಳಲಿಕ್ಕೆ ಎಂತ ಆಗಿತ್ತು ಭಾವ ನಿಮಗೆ? ಅದು ನಿಮ್ಮ ಜೀವ ಅಲ್ವಾ?"

"ಪರೀಕ್ಷೆಯಲ್ಲಿ ಅದು ನನ್ನದು ಅಂತ ಅನಿಸಲೇ ಇಲ್ಲ."

ಆಸ್ಪತ್ರೆಗೆ ಕರೆದೊಯ್ದೆ. ಅದೇ ಪರೀಕ್ಷಕರು ಎದೆ ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖದ ಬಣ್ಣ ಇಳಿಯಿತು. ಸ್ಕ್ಯಾನಿನಲ್ಲಿ ತೃಪ್ತಿ ಹೇಳಿದ್ದೆಲ್ಲ ಇತ್ತು. ತಡವಾದ್ದರಿಂದ ಇನ್ನೂ ಹೆಚ್ಚೇ ಇತ್ತು. ಫಲಿತಾಂಶ ಹೊರಬಿದ್ದಾಗಿತ್ತು, ತಿದ್ದಲು ಬರುವುದಿಲ್ಲ, ಅವಳು ಮತ್ತೆ ಪರೀಕ್ಷೆಗೆ ಕೂರಬೇಕು ಎಂದರು. ಜೋರಾಗಿ ಹೇಳುವ ಧೈರ್ಯ ಅವರಿಗೂ ಇರಲಿಲ್ಲ.

ಸುದ್ದಿ ಕೇಳಿ ತೃಪ್ತಿ ವಾರ್ಡಿಗೆ ಬಂದಳು. ಭಾವ ಕೈ ಮುಗಿಯಹೋದರು. ಸೂಜಿ ಚುಚ್ಚಿದ ಆ ಕೈಯನ್ನು ಅವಳು ಮೆಲ್ಲನೆ ಹಾಸಿಗೆಗೆ ಇಳಿಸಿದಳು. ಸ್ಟೆಥಸ್ಕೋಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಎದೆಗಿಟ್ಟು, ಆಲಿಸಿ, ಮೊದಲಿನಂತೆಯೇ ಕೇಳಿದಳು. "ಮಾಮಾ, ಜ್ವರ ಬರತ್ತಾ?"

"ಬರ್ತದಮ್ಮ," ಎಂದರು ಭಾವ. "ಅವತ್ತೂ ಬರ್ತಿತ್ತು."

ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಭಾವನಿಗೆ ಅಂದೇ ಜ್ವರವಿತ್ತೆಂದು ಅವಳಿಗೆ ಗೊತ್ತಾದದ್ದು ಆಗಲೇ. "ನನ್ನ ಹತ್ರ ಆದ್ರೂ ಹೇಳಬಹುದಿತ್ತು," ಎಂದು ನನ್ನೊಡನೆ ಒಮ್ಮೆ ಅಂದಳು. ಮತ್ತೆ ಆ ಮಾತು ಎತ್ತಲಿಲ್ಲ. ಆಪರೇಶನ್ನಿಗೆ ದಿನ ಗೊತ್ತಾಗುವ ಮೊದಲೇ ಭಾವ ಹೋಗಿಬಿಟ್ಟರು.

ಈಗ ಅಕ್ಕ ಸಂಜೆ ಹೊಟೇಲಿಗೆ ಬಂದು ಕ್ಯಾಶಿನ ಹಿಂದೆ ಹೂ ಕಟ್ಟುತ್ತ ಕೂರುತ್ತಾಳೆ. ಮೊನ್ನೆ ನಾನು ಗಿರಾಕಿಗೆ ಚಿಲ್ಲರೆ ಕೊಡುತ್ತಿದ್ದಾಗ ಫೋನು ಬಂತು. ಅವಳೇ ಎತ್ತಿದಳು. ಮುರಳೀಧರ ಬೇರೆ ಆಸ್ಪತ್ರೆಗೆ ಹೋಗಿದ್ದಾನೆ. ಅವನ ಜಾಗಕ್ಕೆ ಬಂದ ಹೊಸಬ ಯಾವುದೋ ಹಳೆಯ ಚೀಟಿ ನೋಡಿ ಮಾಡಿದ್ದ. ಡಿ.ಎಂ. ಪರೀಕ್ಷೆ ಉಂಟು, ಶೀನಣ್ಣನನ್ನು ಕಳಿಸಿ ಎಂದ. ತೃಪ್ತಿ ಮತ್ತೆ ಕೂರಲಿರುವ ಪರೀಕ್ಷೆ ಅದು. ನಾನು ಫೋನಿಗೆ ಕೈಚಾಚಿದೆ. ಅಕ್ಕ ಕೊಡಲಿಲ್ಲ.

"ಅವರಿಗೆ ಜ್ವರ ಉಂಟು," ಎಂದಳು. "ಬರುವುದಿಲ್ಲ."