ಮಳೆಯಲ್ಲಿ ಎಲ್ಲರ ಕೈಯೂ ಜಾರುತ್ತದೆ

ನಮ್ಮ ಮಾವ ಗಾಲ್ಫ್ ಕಲಿತದ್ದು ಸೈನ್ಯದಲ್ಲಿದ್ದಾಗ. ಅಲ್ಲಿ ಅವರು ಒಬ್ಬ ಅಧಿಕಾರಿಯ ಜೀಪು ಓಡಿಸುತ್ತಿದ್ದರು. ಅಧಿಕಾರಿ ಆಟಕ್ಕೆ ಹೊರಟರೆ ಕೋಲುಗಳ ಚೀಲ ಹೊರುವುದೂ ಅವರ ಕೆಲಸ. ಜೊತೆಗಾರ ಬಾರದ ಒಂದು ದಿನ ಅಧಿಕಾರಿಯೇ ಇವರ ಕೈಗೆ ಕೋಲು ಕೊಟ್ಟು, ಹೊಡಿ ನೋಡೋಣ ಎಂದರಂತೆ. ನಿವೃತ್ತಿಯಾದ ಮೇಲೆ ಮಾವ ಹಾರನಹಳ್ಳಿ ಪಕ್ಕದ ನಮ್ಮೂರಿಗೆ ಬಂದು ಹೊಗೆಸೊಪ್ಪು ಬೆಳೆಯತೊಡಗಿದರು. ಅಧಿಕಾರಿ ಕೊಡಗಿನ ತಮ್ಮ ಕಾಫಿ ತೋಟಕ್ಕೆ ಮರಳಿದರು. ಅಲ್ಲಿ ತೋಟದವರೆಲ್ಲ ಸೇರಿ ಮಾಡಿಕೊಂಡಿದ್ದ ಒಂಬತ್ತು ಕುಳಿಗಳ ಸಣ್ಣ ಮೈದಾನದಲ್ಲಿ ಮಾವನಿಗೂ ಆಡಲು ಒಪ್ಪಿಗೆ ಕೊಡಿಸಿದರು. ಆ ಅಧಿಕಾರಿ ತೀರಿಕೊಂಡ ಮೇಲೂ ಅಲ್ಲಿಯವರು ಮಾವನನ್ನು ಬರಬೇಡಿ ಎನ್ನಲಿಲ್ಲ.

ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅವರು ಭಾನುವಾರ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಡುತ್ತಿದ್ದರು. ಪಿರಿಯಾಪಟ್ಟಣದಲ್ಲಿ ಒಂದು ಬಸ್ಸು ಬದಲಿಸಬೇಕು, ಹೊಳೆ ದಾಟಿದ ಮೇಲೆ ಇನ್ನೊಂದು. ಊರವರು, "ಏನ್ ಯಜಮಾನ್ರೇ, ಮೀನಿಗೋ?" ಎಂದು ಕೇಳಿದರೆ, "ಊ ಕಣಪ್ಪ," ಎಂದುಬಿಡುತ್ತಿದ್ದರು. ಹೈಸ್ಕೂಲಿನಲ್ಲಿ ಟೀಚರಾಗಿದ್ದ ನಾನು ಒಂದು ಹಳೆಯ ಕಾರು ಕೊಂಡ ಮೇಲೆ ಅವರನ್ನು ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು. ನನ್ನ ಗಂಡನಿಗೆ ಹೊಲ, ಸೊಪ್ಪು ಬೇಯಿಸುವ ಬ್ಯಾರನ್ ಮನೆ ಬಿಟ್ಟರೆ ಬೇರೆ ಲೋಕವಿರಲಿಲ್ಲ. ಮೊದಮೊದಲು ನಾನು ಮರದ ಕೆಳಗೆ ಕೂತು ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಒಂದು ದಿನ ಮಾವ ಕೋಲು ಚಾಚಿ, "ಸುಮ್ನೆ ಕೂತ್ಕಂಡು ಏನ್ ಮಾಡೀಯೆ, ಇಡ್ಕೊ ತಾಯಿ," ಎಂದರು. ಹೀಗೆ ನಾನೂ ಆಡತೊಡಗಿದೆ.

ಜೂನ್ ಹಿಡಿಯಿತೆಂದರೆ ಆ ಕಡೆ ಮಳೆ. ತೋಟದವರು ಆಟ ನಿಲ್ಲಿಸಿ ಒಳಗೆ ಇಸ್ಪೀಟಿಗೆ ಕೂರುತ್ತಿದ್ದರು. ಮಾವ ಮಾತ್ರ ಸಿಡಿಲಿಲ್ಲದಿದ್ದರೆ ಸಾಕು, ಹೊರಡುತ್ತಿದ್ದರು. ಮಳೆಯಲ್ಲಿ ಆಡುವುದನ್ನು ನನಗೆ ಕಲಿಸಿದವರು ಅವರೇ. ಕೈಗವಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಳ್ಳಬೇಕು. ಒರೆಸುವ ಬಟ್ಟೆಯನ್ನು ಕೊಡೆಯ ಕಡ್ಡಿಗೆ ಒಳಗಿನಿಂದ ನೇತುಹಾಕಬೇಕು. ಹೊಡೆಯುವ ಕ್ಷಣದವರೆಗೂ ಕೋಲಿನ ಹಿಡಿ ಕೊಡೆಯ ಕೆಳಗೇ ಇರಬೇಕು. ಒದ್ದೆ ಹುಲ್ಲಿನಲ್ಲಿ ಚೆಂಡು ಉರುಳುವುದಿಲ್ಲ, ಬಿದ್ದಲ್ಲೇ ಕಚ್ಚಿಕೊಳ್ಳುತ್ತದೆ. ಹಾಗಂತ ಜೋರು ಮಾಡಲು ಹೋದರೆ ಕಾಲು ಜಾರುತ್ತದೆ. "ನಿಧಾನ್ಕೆ ಬೀಸು ಕಣವ್ವ. ಮಳೆ ಜೊತೆ ಜಗಳ ಆಡಿ ಗೆದ್ದೋರಿಲ್ಲ," ಎನ್ನುತ್ತಿದ್ದರು.

ಹೋದ ವರ್ಷ ಮಳೆ ಬಿಡುವು ಕೊಡಲೇ ಇಲ್ಲ. ನೆಟ್ಟ ಹೊಗೆಸೊಪ್ಪಿನ ಬುಡದಲ್ಲಿ ನೀರು ನಿಂತು ಎಲೆ ಹಳದಿಯಾಯಿತು. ಗಂಡ ಮನೆಯಲ್ಲಿ ಮಾತು ಕಡಿಮೆ ಮಾಡಿದ. ಇಂಥ ಹೊತ್ತಿನಲ್ಲಿ ಆಟಕ್ಕೆ ಹೋಗುವುದು ನನಗೆ ಮುಜುಗರ. ಆದರೆ ಮಾವ ಹಿಂದೆಂದೂ ಇಲ್ಲದಷ್ಟು ಹಟ ಹಿಡಿದಿದ್ದರು. ವಿಚಿತ್ರವೆಂದರೆ, ಅಪರೂಪಕ್ಕೆ ಬಿಸಿಲು ಕಂಡ ಭಾನುವಾರ, "ಇವತ್ತು ಬ್ಯಾಡ ಬುಡು, ಜನ ಜಾಸ್ತಿ ಇರ್ತರೆ," ಎಂದು ಜಗಲಿಯಲ್ಲೇ ಕೂರುತ್ತಿದ್ದರು. ಮೋಡ ಕವಿದ ದಿನ ನನಗಿಂತ ಮೊದಲು ಕಾರಿನ ಹತ್ತಿರ ನಿಂತಿರುತ್ತಿದ್ದರು.

ಅವರ ಆಟ ಕೆಡುತ್ತಿತ್ತು. ಟೀ ಎಂಬ ಪುಟ್ಟ ಮರದ ಮೊಳೆಯನ್ನು ನೆಲಕ್ಕೆ ಚುಚ್ಚಿ ಅದರ ಮೇಲೆ ಚೆಂಡು ಕೂರಿಸುತ್ತಾರಲ್ಲ, ಆ ಚೆಂಡೇ ಕೂರುತ್ತಿರಲಿಲ್ಲ. ನೆಲ ಮೆತ್ತಗಾಗಿದೆ ಎನ್ನುತ್ತಿದ್ದರು. ನೆಲ ನಿಜಕ್ಕೂ ಮೆತ್ತಗಾಗಿತ್ತು. ಒಂದು ದಿನ ಜಡಿಮಳೆಯಲ್ಲಿ ಬೀಸಿದಾಗ ಕೋಲೇ ಕೈಬಿಟ್ಟು ಹಾರಿ, ನನ್ನ ಪಕ್ಕದಲ್ಲೇ ಹಾದು ಪೊದೆಗೆ ಬಿತ್ತು. ಮಾವ ಬಿಳಿಚಿಕೊಂಡರು. ಆಮೇಲೆ ಸಾವರಿಸಿಕೊಂಡು, "ಮಳೇಲಿ ಎಲ್ಲಾರ್ ಕೈನೂ ಜಾರ್ತದೆ ಕಣವ್ವ," ಎಂದರು. ಹೌದಲ್ಲ, ನನ್ನ ಕೈಯೂ ಆಗಾಗ ಜಾರುತ್ತಿತ್ತು. ನಾನು ಪೊದೆಯಿಂದ ಕೋಲು ತಂದು, ಹಿಡಿ ಒರೆಸಿ ಕೊಟ್ಟೆ.

ಶ್ರಾವಣದ ಒಂದು ಭಾನುವಾರ ಮೋಡ ನೋಡಿಯೇ ಹೊರಟೆವು. ಹೊಳೆ ದಾಟುವಷ್ಟರಲ್ಲಿ ಮೋಡ ಒಡೆದು ಚುರುಗುಟ್ಟುವ ಬಿಸಿಲು ಬಂತು. ಮಾವ ಕಾರಿನಲ್ಲೇ, "ವಾಪಸ್ ಓಗಾನ ತಾಯಿ," ಎಂದರು. ಇಷ್ಟು ದೂರ ಬಂದಿದ್ದೇವೆ, ಎರಡು ಕುಳಿಯಾದರೂ ಆಡೋಣ ಎಂದೆ.

ಮೊದಲ ಕುಳಿಗೆ ಹೊಡೆಯುವ ಜಾಗ ಎತ್ತರದಲ್ಲಿತ್ತು, ನೀರು ಬಸಿದು ನೆಲ ಗಟ್ಟಿಯಾಗಿತ್ತು. ಮಾವ ಬಗ್ಗಿ ಟೀ ಚುಚ್ಚಿದರು. ಚೆಂಡು ಇಟ್ಟರು, ಉರುಳಿತು. ಮತ್ತೆ ಇಟ್ಟರು, ಮತ್ತೆ ಉರುಳಿತು. ಅವರ ಬಲಗೈಯ ಬೆರಳುಗಳು ಚೆಂಡನ್ನು ಹಿಡಿದೂ ಹಿಡಿಯದ ಹಾಗೆ ಅದುರುತ್ತಿದ್ದವು. ಬೇಕೆಂದಾಗ ಅವು ಬಿಡುತ್ತಿರಲಿಲ್ಲ, ಬೇಡವೆಂದಾಗ ಬಿಡುತ್ತಿದ್ದವು. ದೂರಲು ಮಳೆಯಿರಲಿಲ್ಲ. ಅವರು ಬಗ್ಗಿದಲ್ಲೇ ಇದ್ದರು. ಹಿಂದೆ ಆಡಲು ಕಾಯುತ್ತಿದ್ದ ತೋಟದವರು ಒಬ್ಬರು ಬಂದು ಚೆಂಡು ಕೂರಿಸಿ ಹಿಂದೆ ಸರಿದರು. ಮಾವ ಹೊಡೆಯಲಿಲ್ಲ. ನೆಟ್ಟಗೆ ನಿಂತು ಅವರಿಗೆ ಕೈಮುಗಿದರು. "ಮಂಡಿ ಇಡ್ಕಂಡದೆ ಸ್ವಾಮಿ, ನೀವು ಆಡಿ," ಎಂದು ಕಾರಿನ ಕಡೆ ನಡೆದರು.

ದಾರಿಯುದ್ದಕ್ಕೂ ಅವರು ಕಿಟಕಿಯಾಚೆ ನೋಡುತ್ತಿದ್ದರು.

ಮನೆಗೆ ಬಂದಾಗ ಅತ್ತೆ ಹಿತ್ತಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಹತ್ತಿರ ಕೂತು ನಡೆದದ್ದನ್ನು ಹೇಳಿದೆ. ಅವರು ಕೈ ನಿಲ್ಲಿಸದೆ ಕೇಳಿಸಿಕೊಂಡರು.

"ನಂಗೊತ್ತು," ಎಂದರು. "ಯುಗಾದಿಗೂ ಮುಂಚಿಂದ ಅಂಗೀ ಗುಂಡಿ ನಾನೇ ಆಕ್ತಾ ಇವ್ನಿ."

"ನಮಗೆ ಯಾಕೆ ಹೇಳ್ಲಿಲ್ಲ ಅತ್ತೆ?"

"ಏಳ್ಬ್ಯಾಡ ಅಂದ್ರು. ಗೊತ್ತಾದ್ರೆ ನೀನು ಕರ್ಕಂಡು ಓಗಾಕಿಲ್ಲ ಅಂತ. ಮಳೆ ಇರೋಗಂಟ ಯಾರ್ಗೂ ತಿಳಿಯಾಕಿಲ್ಲ ಅಂದ್ರು."

ಮಾವ ಯಾಕೆ ಅರ್ಧ ಲೋಟ ಕಾಫಿಯನ್ನೇ ಕೇಳುತ್ತಿದ್ದರು, ಊಟಕ್ಕೆ ಯಾಕೆ ಎಲ್ಲರಿಗಿಂತ ಮೊದಲು ಕೂರುತ್ತಿದ್ದರು ಎಂಬುದೆಲ್ಲ ಆಗ ಅರ್ಥವಾಯಿತು. ಸಕ್ಕರೆ ಕಾಯಿಲೆಗೆ ಹೆದರಿ ಕಾಫಿ ಕಡಿಮೆ ಮಾಡಿದ್ದಾರೆ ಎಂದುಕೊಂಡಿದ್ದೆ.

ಆ ರಾತ್ರಿಯ ಊಟದ ಹೊತ್ತಿಗೆ ಗಂಡನಿಗೂ ತಿಳಿಯಿತು. ಅವನು ಅಪ್ಪನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡ. ಮಾವ ಬಿಡಿಸಿಕೊಳ್ಳಲು ನೋಡಿ, ಆಮೇಲೆ ಸುಮ್ಮನಾದರು. ಮೈಸೂರಿನ ವೈದ್ಯರು ಇದು ನರದ ಕಾಯಿಲೆ, ಹತೋಟಿಯಲ್ಲಿಡಬಹುದೇ ಹೊರತು ವಾಸಿ ಮಾಡಲಾಗದು ಎಂದರು. ಕೊಟ್ಟ ಮಾತ್ರೆಯಿಂದ ನಡುಕ ತಗ್ಗಿತು, ಆದರೆ ಕೈ ಬಿಗಿಯಾಗುತ್ತ, ಹೆಜ್ಜೆ ಗಿಡ್ಡವಾಗುತ್ತ ಹೋಯಿತು. ಮಾವ ಹೊಸಿಲು ದಾಟುವಾಗ ನಿಂತುಬಿಡುತ್ತಾರೆ. ಕಾಲಿಗೆ ಮುಂದೆ ಹೋಗುವುದು ಮರೆತುಹೋದ ಹಾಗೆ.

ಈ ವರ್ಷ ಮಳೆ ಶುರುವಾದ ಮೇಲೆ ಒಮ್ಮೆ, "ನೀನಾರೂ ಓಗ್ಬಾ ತಾಯಿ," ಎಂದರು. ಅವರ ಮಾತಿಗೆ ಹೋದೆ. ಮೈದಾನದಲ್ಲಿ ನಾನೊಬ್ಬಳೇ. ಕೊಡೆ ಹಿಡಿದರೆ ಚೀಲ ನೆನೆಯುತ್ತಿತ್ತು, ಚೀಲ ನೋಡಿಕೊಂಡರೆ ನಾನು. ಈ ಆಟ ನನಗೆ ಅಷ್ಟೇನೂ ಇಷ್ಟವಿರಲಿಲ್ಲ ಎಂಬುದು ಅಲ್ಲಿ ಆ ನೀರಿನಲ್ಲಿ ನಿಂತಾಗ ತಿಳಿಯಿತು. ನಾಲ್ಕನೆಯ ಕುಳಿಯವರೆಗೆ ಆಡಿ ಬಿಟ್ಟು ಬಂದೆ.

ಮನೆಯಲ್ಲಿ ಅತ್ತೆ ಅವರಿಗೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಡುತ್ತಿದ್ದರು. ಮಾವ ನುಂಗಿ, ನನ್ನತ್ತ ನೋಡಿ ಕೇಳಿದರು.

"ಎಂಗಿತ್ತವ್ವ?"

"ಚೆನ್ನಾಗಿತ್ತು ಮಾವ. ನಿಧಾನಕ್ಕೆ ಬೀಸಿದೆ," ಎಂದೆ.

ಅವರು ತಲೆಯಾಡಿಸಿದರು. ನಂಬಿದರೋ ಇಲ್ಲವೋ ಆ ಮುಖದಲ್ಲಿ ಈಗ ಏನೂ ಕಾಣುವುದಿಲ್ಲ. ಕಾಯಿಲೆ ಅದನ್ನೂ ಬಿಗಿ ಮಾಡಿದೆ. ಅತ್ತೆ ಇನ್ನೊಂದು ತುತ್ತು ಎತ್ತಿದರು. ನಾನು ಒದ್ದೆ ಬಟ್ಟೆ ಬದಲಿಸಲು ಒಳಗೆ ಹೋದೆ.